ವರದಿಯಿಂದ ಹೊಡೆದುಹಾಕಿದ ಸಾಲು

ಭೂಭೌತಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನನ್ನ ಪ್ರಾಜೆಕ್ಟು ಭೂಕುಸಿತದ ಬಗ್ಗೆ. ಪೊಳ್ಳಾಚಿಯ ದಕ್ಷಿಣಕ್ಕೆ, ಬೆಟ್ಟದ ಬುಡದ ಒಂದು ಕೇರಿಯ ಮೇಲಿನ ಇಳಿಜಾರಿನಲ್ಲಿ ಉಕ್ಕಿನ ಗೂಟ ಬಡಿದು, ನೆಲದೊಳಗೆ ಕರೆಂಟು ಹರಿಸಿ, ನೀರು ಎಲ್ಲಿ ನಿಂತಿದೆಯೆಂದು ಅಳೆಯುತ್ತಿದ್ದೆ.

ಕೇರಿಯ ಮೊದಲ ಮನೆಯ ಅಜ್ಜಿ, ಕೊಯಮತ್ತೂರು ಬಳಿಯ ಅನ್ನೂರಿನ ನಮ್ಮ ಮನೆಯವರಂತೆಯೇ ಕನ್ನಡ ಮಾತಾಡುತ್ತಿದ್ದಳು. ಅದು ಗೊತ್ತಾದ ದಿನದಿಂದ ನನ್ನ ಮಧ್ಯಾಹ್ನದ ಊಟ ಅವಳ ಜಗುಲಿಯಲ್ಲೇ.

"ನೆಲಕ್ಕೆ ಕರೆಂಟ್ ಬಿಟ್ಟು ಏನ್ ನೋಡ್ತೀ ಅಮ್ಮಣಿ?"

"ಮಣ್ಣು ಜಾರ್ತದಾ ಅಂತ ಅಜ್ಜಿ."

"ಗೊತ್ತಾದ್ರೆ ನಮ್ಗೂ ಒಂದು ವಾರ್ತೆ ಹೇಳು."

ಗೊತ್ತಾಯಿತು. ಮೇಲಿನ ರೆಸಾರ್ಟಿನ ಚರಂಡಿ ನೀರೆಲ್ಲ ಇಳಿಜಾರಿಗೆ ಇಂಗಿ, ಮನೆಗಳ ನೆತ್ತಿಯ ಮೇಲೆ ಜೇಡಿಮಣ್ಣು ಕೆಸರಾಗಿತ್ತು. ಜೋರು ಮಳೆಗೆ ಜಾರಬಹುದು, ಕೇರಿಯನ್ನು ಖಾಲಿ ಮಾಡಿಸಬೇಕು ಎಂದು ವರದಿಯಲ್ಲಿ ಬರೆದೆ. ನನ್ನ ಗೈಡ್ ಆ ಸಾಲನ್ನು ಹೊಡೆದುಹಾಕಿದರು.

"ನಮ್ಮನ್ನ ಆ ಜಾಗದೊಳಗೆ ಬಿಟ್ಟದ್ದೇ ರೆಸಾರ್ಟಿನವರು. ಹೆಚ್ಚಿನ ಅಧ್ಯಯನ ಬೇಕು ಅಂತ ಬರೆದುಬಿಡಮ್ಮ," ಎಂದರು ತಮಿಳಿನಲ್ಲಿ.

ಅವರ ಸಹಿಯಿಲ್ಲದೆ ಪಿಎಚ್‌ಡಿ ಸೀಟು ಸಿಗುತ್ತಿರಲಿಲ್ಲ. ಹಾಗೆಯೇ ಬರೆದೆ. ಅಜ್ಜಿಗೂ ಹೇಳಲಿಲ್ಲ.

ಆ ಮುಂಗಾರಿನಲ್ಲೇ ಒಂದು ಬೆಳಗ್ಗೆ ಇಳಿಜಾರು ಕುಸಿಯಿತು. ಉಳಿದವರೆಲ್ಲ ತೆಂಗಿನ ತೋಪುಗಳಿಗೆ ಕೆಲಸಕ್ಕೆ ಹೋಗಿದ್ದರು. ಅಜ್ಜಿ ಮಾತ್ರ ಒಳಗಿದ್ದಳು. ಬದುಕಿದಳು, ಆದರೆ ಆಸ್ಪತ್ರೆಯಲ್ಲಿ ಅವಳ ಬಲಗಾಲನ್ನು ತೆಗೆಯಬೇಕಾಯಿತು.

ನೋಡಲು ಹೋದೆ. "ನಿಂಗೆ ಮುಂಚೇನೇ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು ಅಜ್ಜಿ."

ಬೈದಿದ್ದರೆ ಚೆನ್ನಾಗಿತ್ತು. ಗೋಡೆ ಕಡೆ ಮುಖ ತಿರುಗಿಸಿಕೊಂಡಳು.

ಅಲ್ಲಿಂದ ನೇರ ತಾಲ್ಲೂಕು ಕಚೇರಿಗೆ ಹೋಗಿ ನನ್ನ ಮೂಲ ಅಳತೆಗಳನ್ನು ಮೇಜಿನ ಮೇಲಿಟ್ಟೆ. ಅಧಿಕಾರಿ ಕಡತದಲ್ಲಿದ್ದ ನಮ್ಮ ವಿಶ್ವವಿದ್ಯಾಲಯದ ವರದಿ ತಿರುವಿ, "ಇದರಲ್ಲಿ ಹಾಗೇನೂ ಇಲ್ಲವಲ್ಲ. ಇದು ಪ್ರಕೃತಿ ವಿಕೋಪ," ಎಂದರು.

"ಚರಂಡಿ ತೋಡಿದ್ದೂ ಪ್ರಕೃತಿಯೇನಾ ಸಾರ್?"

ಅವರು ಕಡತ ಮುಚ್ಚಿ ಪಕ್ಕಕ್ಕಿಟ್ಟರು. ನಾನು ಎದ್ದು ಬರಲಿಲ್ಲ. ಯಾರು ಹೇಳಿ ಸಾಲು ತೆಗೆಸಿದರು, ಯಾಕೆ ತೆಗೆದೆ ಎಂಬುದನ್ನೆಲ್ಲ ಅಲ್ಲೇ ಕೂತು ಬರೆದು ಸಹಿ ಹಾಕಿ ಕೊಟ್ಟೆ.

ತಿಂಗಳುಗಟ್ಟಲೆ ಅಲೆದ ಮೇಲೆ ಕೇರಿಯವರಿಗೆ ಬೇರೆ ಕಡೆ ಜಾಗ ಸಿಕ್ಕಿತು. ಚರಂಡಿ ತಿರುಗಿಸಲು ಆದೇಶವಾಗಿದೆ. ನೀರು ಇನ್ನೂ ಅಲ್ಲೇ ಹರಿಯುತ್ತಿದೆ. ಗೈಡ್ ವಿಭಾಗದ ಮುಖ್ಯಸ್ಥರಾದರು. ನನಗೆ ಸೀಟು ಸಿಗಲಿಲ್ಲ. ಈಗ ತಿರುಪ್ಪೂರಿನ ಸುತ್ತಮುತ್ತ ಬೋರ್‌ವೆಲ್‌ಗೆ ಜಾಗ ಗುರುತಿಸುವ ಕೆಲಸ ಮಾಡುತ್ತೇನೆ.

"ಇನ್ನೂ ಎಷ್ಟು ವರ್ಷ ಆ ಗೈಡ್ ಮೇಲೆ ಕುದೀತಿರ್ತೀ?" ಎಂದು ಅಮ್ಮ ಕೇಳುತ್ತಾಳೆ. ಅವರ ಮೇಲಿನ ಸಿಟ್ಟಾದರೂ ಒಂದು ದಿನ ಆರೀತು. ಅವರು ಬರೀ ಪೆನ್ನಿನಲ್ಲಿ ಗೆರೆ ಎಳೆದರು. ಕಂಪ್ಯೂಟರಿನಲ್ಲಿ ಆ ಸಾಲು ಅಳಿಸಿದ್ದು ನಾನು.