ಇನ್ನೊಂದು ಮಗ್ಗಕ್ಕೆ ಹೋಗದವನು

ಉಣ್ಣೆ ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿ ಕಂಬಳಿ ಕಾಕನ ಬೆರಳ ಸಂದಿಯಲ್ಲಿ ಯಾವಾಗಲೂ ಒಣಗಿ ಬಿರಿದಿರುತ್ತಿತ್ತು. ಊಟಕ್ಕೆ ಕೂತಾಗ ಕಾಕಿ ಗೊಣಗಿದರೆ, ರೊಟ್ಟಿಯ ಜೊತೆ ಅದೂ ಹೋಗಲಿ ಬಿಡು ಎಂದು ನಗುತ್ತಿದ್ದ.

ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆ ಅವನದು. ಒಬ್ಬ ನೇಕಾರನಿಗೆ ಕಂಬಳಿ ನೇಯ್ದುಕೊಡಲು ಹೇಳಿದ ಮೇಲೆ ಇನ್ನೊಂದು ಮಗ್ಗಕ್ಕೆ ಹೋಗಬಾರದು. ಹೇಳಿಸಿಕೊಂಡವನೂ ನೇಯದೆ ಬಿಡಬಾರದು. ಇದು ಆ ಓಣಿಯ ರೀತಿ. ನಮ್ಮ ಅಪ್ಪ ಹಾಗೆ ಕಾಕನ ಕಂಬಳಿಗೆ ಕಾಯುತ್ತ ಒಂದು ಚಳಿಗಾಲವೆಲ್ಲ ಹರಕು ಕಂಬಳಿಯಲ್ಲೇ ನಡುಗಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಕನ ಹೃದಯದ ರಕ್ತನಾಳ ಕಟ್ಟಿಕೊಂಡಿತು. ಬೆಂಗಳೂರಿನಲ್ಲಿ ಬಲೂನು ಉಬ್ಬಿಸಿ, ಸ್ಟೆಂಟ್ ಎಂಬ ಜಾಲರಿ ಕೊಳವೆ ಇಟ್ಟು ಬಿಡಿಸಿದರು. ಅಂಥ ನಾಳ ಮತ್ತೆ ಕಿರಿದಾಗದಂತೆ ತಡೆಯುವ ಮದ್ದಿನ ಕಣಗಳನ್ನು ಮಾಡುವುದು ಅದೇ ಊರಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನ ಕಣ ನಾಳದ ಗೋಡೆಗೆ ಅಂಟಿ, ವಾರಗಟ್ಟಲೆ ಮದ್ದನ್ನು ಇಷ್ಟಿಷ್ಟೇ ಬಿಡಬೇಕು. ನನ್ನವು ಒಂದೇ ದಿನಕ್ಕೆ ಎಲ್ಲ ಕಕ್ಕಿಬಿಡುತ್ತಿದ್ದವು. ಕಾಕನ ಹಾಸಿಗೆಯ ಪಕ್ಕ ಕೂತು ಅದನ್ನೇ ಹೇಳಿಕೊಂಡು ಅತ್ತುಬಿಟ್ಟೆ.

“ಒಂದ ಸಲಕ್ಕ ದಪ್ಪ ಬಳದ್ರ ಉದುರ್ತೈತಿ ತಂಗಿ. ತೆಳ್ಳಗ ಬಳಿ, ಒಣಗ್ಲಿ, ಮತ್ತ ಬಳಿ,” ಅಂದ.

ಹಾಗೇ ಮಾಡಿದೆ, ಪದರದ ಮೇಲೆ ಪದರ. ಗಾಜಿನ ಸೀಸೆಯಲ್ಲಿ ಕಣದೊಳಗಿನ ಮದ್ದು ಇಷ್ಟಿಷ್ಟೇ ಇಳಿಯುತ್ತ ಮೂರು ವಾರ ನಿಂತಿತು. ಕುಣಿದಾಡಿ ಊರಿಗೆ ಫೋನು ಮಾಡಿ, ನಿನ್ನ ಮದ್ದು ನಾನೇ ಮಾಡುತ್ತೇನೆ ಎಂದುಬಿಟ್ಟೆ. ಹಾಗಾದರೆ ನಿನಗೇ ಹೇಳಿದ್ದೇನೆ ತಗೋ ಎಂದ. ಮೊದಲು ಮೊಲಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆಯಾಗಲು ಎಷ್ಟೋ ವರ್ಷ ಬೇಕೆಂದು ನಾನು ಹೇಳಲಿಲ್ಲ. ನನ್ನ ಹಾಳು ನಾಲಿಗೆ.

ಸ್ಟೆಂಟ್ ಇಟ್ಟ ಏಳನೇ ತಿಂಗಳಿಗೆ ನಾಳ ಮತ್ತೆ ಕಿರಿದಾಯಿತು. ಎದೆ ತೆರೆದು ಬೇರೆ ನಾಳ ಜೋಡಿಸಬೇಕೆಂದರು ಡಾಕ್ಟರು. ಕಾಕ ಒಲ್ಲೆ ಎಂದ. ಬಸ್ಸು ಹತ್ತಿ ಊರಿಗೆ ಓಡಿದೆ. ನನ್ನ ಮದ್ದು ಸೀಸೆ ಬಿಟ್ಟು ಹೊರಬಂದಿಲ್ಲ, ಬರುತ್ತದೋ ಇಲ್ಲವೋ, ಆಪರೇಷನ್ ಮಾಡಿಸಿಕೋ ಎಂದು ಕಾಲು ಹಿಡಿದೆ. ಕಾಕಿ ಸೆರಗೊಡ್ಡಿ ಬೇಡಿದಳು. ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಇದ್ದ.

“ನಿನಗ ಹೇಳೀನಲ್ಲವ್ವಾ, ಇನ್ನೊಂದು ಮಗ್ಗಕ್ಕ ಹ್ಯಾಂಗ ಹೋಗ್ಲಿ? ತಡಾ ಆದ್ರ ಆಗ್ಲಿ, ಕಾಯ್ತೀನಿ.”

ಎರಡು ತಿಂಗಳು ಕಾದ. ಒಂದು ಬೆಳಿಗ್ಗೆ ಗಂಜಿ ಕಲಸುತ್ತಲೇ ಹೋಗಿಬಿಟ್ಟ.

ಈಗಲೂ ಪದರ ಬಳಿದು ಒಣಗಲು ಬಿಟ್ಟಾಗ ಅವನ ಮಾತೇ ಕೇಳುತ್ತದೆ. ಯಾರಾದರೂ ರೋಗಿಯ ಮನೆಯವರು ನಿಮ್ಮ ಮದ್ದು ಯಾವಾಗ ಬರುತ್ತದೆ ಎಂದು ಕೇಳಿದರೆ, ಅದಕ್ಕೆ ಕಾಯಬೇಡಿ ಎನ್ನುತ್ತೇನೆ. ಕಾಕ ಹೇಳಿದ್ದು ನನಗೆ. ನಾನಿನ್ನೂ ನೇಯ್ದು ಕೊಟ್ಟಿಲ್ಲ.