ಅಜ್ಜಿ ಏಳದ ಭಾನುವಾರ

ಕೊರಟಗೆರೆ ಸಂತೆಯಲ್ಲಿ ಮೊನ್ನೆ ಹಸಿ ಈಚಲುಗರಿಯ ಚಾಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಪ್ಪಿನ ಚೌಕಾಸಿ ಮರೆತು ನಿಂತುಬಿಟ್ಟೆ. ನಿಮ್ಮ ಮನೆಯಲ್ಲೂ ಇಂಥದೊಂದು ಚಾಪೆ ಇದ್ದಿರಬೇಕು, ಅದರ ಮೇಲೆ ಕೂತು ಯಾರೋ ನಿಮ್ಮನ್ನು ಬೈದಿರಬೇಕು. ಹಾಗಿದ್ದರೆ ನನ್ನ ಸಂಕಟ ನಿಮಗೂ ಗೊತ್ತು. ನನಗೆ ಆ ವಾಸನೆ ಅಂದರೆ ಅಜ್ಜಿ, ಅಜ್ಜಿ ಅಂದರೆ ಚನ್ನರಾಯನದುರ್ಗದ ಬೆಟ್ಟದ ಕೆಳಗಿದ್ದ ನಮ್ಮೂರಿನ ಹೆಂಚಿನ ಚರ್ಚು. ಅಲ್ಲಿ ಆಗ ಬೆಂಚಿರಲಿಲ್ಲ. ಸಗಣಿ ಸಾರಿಸಿದ ನೆಲ, ಅಜ್ಜಿಯೇ ಹೆಣೆದ ಚಾಪೆಗಳು. ಚಪ್ಪಲಿ ಹೊರಗೆ ಬಿಟ್ಟು, ತಲೆ ತುಂಬ ಸೆರಗೆಳೆದುಕೊಂಡು, ಮೊಣಕಾಲೂರಿ, ಹಣೆ ಚಾಪೆಗೆ ತಾಗುವವರೆಗೂ ಅವಳು ಬಗ್ಗುತ್ತಿದ್ದಳು. ಎದ್ದಾಗ ಹಣೆಯ ಮೇಲೆ ಹೆಣಿಗೆಯ ಅಚ್ಚು ಮೂಡಿರುತ್ತಿತ್ತು. ಅದನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನಾನು ನಗುತ್ತಿದ್ದೆ.

ಬೆಂಚು ಮಾಡಿಸಿಕೊಟ್ಟವರು ದೊಡ್ಡಮನೆ ಯಜಮಾನರು. ನಮ್ಮವರೆಲ್ಲ ಕೂಲಿ ಮಾಡುತ್ತಿದ್ದದ್ದು ಅವರ ಹೊಲದಲ್ಲೇ. ಅವರು ಎದುರಾದರೆ ಟವೆಲ್ಲು ಕಂಕುಳಿಗೆ ಸೇರಿಸಿ ಬಗ್ಗಿ ನಿಲ್ಲಬೇಕು, ಇಲ್ಲದಿದ್ದರೆ ಮಾರನೆಯ ದಿನ ಕೆಲಸವಿಲ್ಲ. ಹೊಸ ಪಾಸ್ಟರಿಗೆ ಬೆಂಚು ಬಂದ ಸಂಭ್ರಮವೋ ಸಂಭ್ರಮ. "ಇನ್ಮೇಲೆ ಯಾರೂ ನೆಲದ ಮೇಲೆ ಬೀಳೋದು ಬ್ಯಾಡ, ನೀಟಾಗಿ ಕೂತ್ಕೊಂಡು ಪ್ರಾರ್ಥನೆ ಮಾಡಿ" ಎಂದರು. ಮೊದಲ ಭಾನುವಾರವೇ ಅಜ್ಜಿ ಬೆಂಚುಗಳ ನಡುವೆ ಚಾಪೆ ಹಾಸಿದಳು. "ಇದ್ರ ಮ್ಯಾಲೆ ಕೂತ್ರೆ ನಂಗೆ ಬಸ್ಸಿಗೆ ಕಾದಂಗಾಯ್ತದೆ ಕಣಯ್ಯಾ" ಅಂದಳು. ನಗು ತಡೆಯಲಾರದೆ ನಾನು ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅದೇ ಭಾನುವಾರ, ಪ್ರಾರ್ಥನೆಯ ನಡುವೆ, ತಮ್ಮ ಬೆಂಚು ನೋಡಲು ಯಜಮಾನರು ಬಂದರು. ಪಾಸ್ಟರು ಪ್ರಾರ್ಥನೆ ಅರ್ಧಕ್ಕೇ ನಿಲ್ಲಿಸಿದರು. ಬೆಂಚಿನ ಮೇಲಿದ್ದವರೆಲ್ಲ ದಡಬಡ ಎದ್ದು ಕೈಮುಗಿದು ಬಗ್ಗಿದರು. ಅಜ್ಜಿಯ ಹಣೆ ಮಾತ್ರ ಚಾಪೆ ಬಿಟ್ಟೇಳಲಿಲ್ಲ. ಅಪ್ಪ ಅವಳ ಭುಜ ಅಲುಗಿಸಿದ. "ಅವ್ವಾ, ಯಜಮಾನ್ರು ಬಂದವ್ರೆ, ಏಳವ್ವಾ!"

ಅಜ್ಜಿ ತಲೆಯೆತ್ತದೆ, ಇಡೀ ಚರ್ಚಿಗೆ ಕೇಳುವಂತೆ ಹೇಳಿದಳು: "ಬಂದ್ರೆ ಕೂತ್ಕಳ್ಲಿ ಬುಡ್ಲಾ, ಅವರ್ದೇ ಬೆಂಚಲ್ವಾ? ನಾನ್ ಮಾತಾಡ್ತಿರೋದು ಅವರತ್ರ ಅಲ್ಲ."

ಯಜಮಾನರು ಬೆಂಚಿನ ಮೇಲೆ ಕೂರದೆಯೇ ಹೊರಟುಹೋದರು. ಮಾರನೆಯ ದಿನ ಅಜ್ಜಿಗೆ ಹೊಲದ ಬಾಗಿಲು ಮುಚ್ಚಿತು. ಅಪ್ಪ ಕೂಗಾಡಿದ. ಅವಳು ಗರಿ ಸೀಳುತ್ತಲೇ, "ಹೊಲ್ದಾಗೆ ಬಗ್ಗಿದ್ದು ಹೊಟ್ಟೆಗೆ ಕಣ್ಲಾ. ಇಲ್ಲಿ ನಾನಾಗ್ ನಾನೇ ಬಗ್ತೀನಿ. ಅದ್ರಾಗೆ ಯಾರ್ಗೂ ಪಾಲು ಕೊಡಾಕಿಲ್ಲ" ಅಂದಳು. ಸಾಯುವವರೆಗೂ ಸಂತೆಯಲ್ಲಿ ಚಾಪೆ ಮಾರಿದಳು. ಆ ದುಡಿಮೆಯ ಮುದ್ದೆ ತಿಂದೇ ನಾನು ಬೆಳೆದದ್ದು, ಅದಕ್ಕೇ ನನಗಿಷ್ಟು ಕೊಬ್ಬು.

ಈಗ ಅಜ್ಜಿಯ ಮನೆಯಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ಅಪ್ಪನೂ ಇಲ್ಲ. ಚರ್ಚಿಗೆ ಟೈಲ್ಸು, ಕುಷನ್ನಿನ ಕುರ್ಚಿ. ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬರುತ್ತಾರೆ. ಮೊನ್ನೆ ಸಂತೆಯಲ್ಲಿ ಕೊಂಡ ಚಾಪೆಯನ್ನು ಈ ಭಾನುವಾರ ಹೊತ್ತುಕೊಂಡು ಹೋಗಿ ಕುರ್ಚಿಗಳ ನಡುವೆ ಹಾಸಿದೆ. "ಆಂಟಿ, ಚೇರ್ ಖಾಲಿ ಐತೆ, ಮ್ಯಾಲೆ ಕೂತ್ಕಳಿ. ಎಲ್ರೂ ನೋಡ್ತವ್ರೆ" ಎಂದು ಪಕ್ಕದವಳು ಪಿಸುಗುಟ್ಟಿದಳು. "ನೋಡ್ಲಿ ಬುಡಮ್ಮ" ಅಂದೆ. ಮೊಣಕಾಲು ಲಟಕ್ ಅಂದಿತು, ಅನ್ನಲಿ. ಹಣೆ ಊರಿದೆ.

ಮನೆಗೆ ಬಂದು ಕನ್ನಡಿ ನೋಡಿದರೆ ಹಣೆಯ ಮೇಲೆ ಅದೇ ಅಚ್ಚು. ಬೆರಳಲ್ಲಿ ಮುಟ್ಟಿದೆ. ಈ ಸಲ ನಗು ಬರಲಿಲ್ಲ, ಅಳು ಬಂತು. ಅತ್ತು ಮುಗಿಸಿ, ಮುಂದಿನ ಭಾನುವಾರಕ್ಕೆಂದು ಚಾಪೆಯನ್ನು ಸುತ್ತಿ ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇನೆ.