ನೀರು ಸೋರದ ತೂತು

ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಈ ಸಲದ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಗುಳ್ಳೆಗಳು ಏಳತೊಡಗಿದವು. ಸೋಡಾ ಬಾಟಲಿಯ ಬಾಯಿ ತೆರೆದಾಗ ಏಳುವಂಥ, ಸಾಸಿವೆಗಿಂತ ಸಣ್ಣ, ಲೆಕ್ಕವಿಲ್ಲದ ಗುಳ್ಳೆಗಳು. ಸಮುದ್ರದ ಗಂಧಗಾಳಿಯಿಲ್ಲದ ಬ್ಯಾಡಗಿಯಲ್ಲಿ ಅಳೆದು ತೂಗಿ ನೀರಿಗೆ ಉಪ್ಪು ಬೆರೆಸಿ, ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯಿರುವ ಎರಡು ಕಡಲಮೀನು ಸಾಕಿಕೊಂಡವಳು ನಾನು. ವಿಜ್ಞಾನದ ಟೀಚರಾಗಿ ಮೂವತ್ತು ವರ್ಷ ಹಲಗೆಯ ಮೇಲೆ ಸಮುದ್ರ ಬರೆದು ಅಳಿಸಿದವಳಿಗೆ, ನಿವೃತ್ತಿಯ ನಂತರವಾದರೂ ಅಳಿಸದೆ ಉಳಿಯುವ ಒಂದು ತುಂಡು ಸಮುದ್ರ ಮನೆಯಲ್ಲಿರಲಿ ಎನ್ನಿಸಿದ್ದು ತಪ್ಪೇ, ನೀವೇ ಹೇಳಿ. ಬಂದವರೆಲ್ಲ ಗುಳ್ಳೆಗಳನ್ನು ನೋಡಿ ಎಷ್ಟು ಚೆಂದ ಎಂದು ತಲೆದೂಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೀನುಗಳು ಮೂಲೆ ಹಿಡಿದಿದ್ದವು, ಮೇವು ಮುಟ್ಟುತ್ತಿರಲಿಲ್ಲ. ಊರಿಗೆ ಊರೇ ಸೀನುವ ಘಾಟಿನ ಗಾಳಿ ಎಲ್ಲಿಂದಲೋ ನನ್ನ ನೀರಿಗೆ ನುಗ್ಗುತ್ತಿತ್ತು.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿಯಿದೆ. ಮೇಲಿನ ನೀರು ಅಲ್ಲಿಗಿಳಿಯುತ್ತದೆ. ಮೋಟರು ಅದನ್ನು ಒಂದು ಪೈಪಿನಿಂದ ಎಳೆದುಕೊಂಡು ಇನ್ನೊಂದರಿಂದ ಮೇಲಕ್ಕೆ ದಬ್ಬುತ್ತದೆ. ಇವನ್ನೆಲ್ಲ ಜೋಡಿಸಿಕೊಟ್ಟವನು ಫಕ್ಕೀರಪ್ಪ, ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳಿಗೆ ಪೈಪು ಹಾಕುವವನು. ಅವನನ್ನೇ ಕರೆಸಿದೆ. ಹೊಲದಲ್ಲಿ ಸೋರಿಕೆ ಹುಡುಕುವ ಅವನ ಕ್ರಮ ಒಂದೇ: ಜೋಡಣೆಯ ಮೇಲೆ ಒಣಮಣ್ಣು ಉದುರಿಸುವುದು, ಎಲ್ಲಿ ಹಸಿಯಾಯಿತೋ ಅಲ್ಲಿ ತೂತು. ಪಡಸಾಲೆಯಲ್ಲಿ ಮಣ್ಣು ಬೇಡವೆಂದು ದೇವರ ಗೂಡಿನ ವಿಭೂತಿ ಇಸಿದುಕೊಂಡು, ಪುಡಿ ಮಾಡಿ, ಒಂದೊಂದು ಜೋಡಣೆಗೂ ಬಳಿದ. ಮೋಟರು ಓಡುತ್ತಲೇ ಇತ್ತು, ವಿಭೂತಿ ಒಣಗಿಯೇ ಇತ್ತು.

"ಎಲ್ಲೂ ಹಸಿ ಇಲ್ರಿ ಅಕ್ಕೋರ. ಮೀನ ಉಸರು ಬಿಡಾಕತ್ತಿರಬೇಕು" ಎಂದ.

ನನಗೆ, ವಿಜ್ಞಾನದ ಅಕ್ಕೋರಿಗೆ, ಮೀನಿನ ಉಸಿರಿನ ಪಾಠ! ಕಪಾಟಿನ ನೆಲದಲ್ಲಿ ಆರಿದ ನೀರಿನ ಗುರುತು, ಅದರ ಅಂಚಿಗೆ ಉಪ್ಪಿನ ಬಿಳಿ ಹರಳು. ಇದೇನು ಮೀನು ಬೆವರಿದ್ದೇ ಎಂದು ಹರಿಹಾಯ್ದೆ. ಜೋಡಣೆ ಬಿಚ್ಚಿ ನೋಡುತ್ತೇನೆಂದ. ಇದ್ದದ್ದನ್ನೂ ಕೆಡಿಸಬೇಡವೆಂದು ಕಳಿಸಿಬಿಟ್ಟೆ. ಒಗೆದ ಮೊದಲ ದಿನವೇ ಕಳಚುವ ಗುಂಡಿ, ಹಾಕಿದ ಮರುವಾರವೇ ಅಗೆಯುವ ರಸ್ತೆ, ಮಳೆಗಾಲದಲ್ಲಿ ಮುಚ್ಚದ ಕದ, ಇವೆಲ್ಲಕ್ಕೂ ಕೂಡಿಟ್ಟಿದ್ದ ಸಿಟ್ಟಿಗೆ ಅವತ್ತು ಅವನೊಬ್ಬ ಸಿಕ್ಕಿದ್ದ. ಎದುರುಮನೆಯ ಗಂಗಮ್ಮ ಮಹಡಿ ಕಟ್ಟಿಸುತ್ತಿದ್ದಳು, ಪೈಪಿನ ಕೆಲಸವನ್ನೆಲ್ಲ ಫಕ್ಕೀರಪ್ಪನಿಗೇ ಕೊಡುವವಳಿದ್ದಳು. ಅವತ್ತು ಸಂಜೆ ಕಟ್ಟೆಯ ಮೇಲೆ ಅವನ ಕೆಲಸ ಹೇಗೆಂದು ನನ್ನನ್ನು ಕೇಳಿದಳು.

"ಅವನ ಕೈ ನಂಬಬ್ಯಾಡ್ರಿ" ಎಂದೆ.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮೋಟರು ನಿಂತದ್ದೇ ಬಗ್ಗಿ ನೋಡಿದೆ. ನೀರೆಳೆಯುವ ಪೈಪಿನ ತಿರುಪಿನ ಜೋಡಣೆಯಲ್ಲಿ, ಒಣಗಿದ್ದ ವಿಭೂತಿಯ ನಡುವೆ ಒಂದು ಗೆರೆ ನೆನೆಯಿತು, ಹನಿ ಕಟ್ಟಿತು. ಕರೆಂಟು ಬಂದು ಮೋಟರು ತಿರುಗಿದ್ದೇ ಆ ಹನಿ ಒಳಕ್ಕೆ ಸರಿಯಿತು, ಮೇಲೆ ಗುಳ್ಳೆಯೆದ್ದಿತು. ತೂತು ಒಂದೇ. ಮೋಟರು ನಿಂತಾಗ ನೀರು ಬಿಡುತ್ತದೆ, ಓಡುವಾಗ ಗಾಳಿ ಕುಡಿಯುತ್ತದೆ. ಸೀಳುಬಿಟ್ಟ ನಳಿಗೆಯಲ್ಲಿ ಎಳನೀರು ಎಳೆದರೆ ಗಾಳಿಯೂ ಬಾಯಿಗೆ ಬರುತ್ತದೆ, ನಳಿಗೆಯ ಹೊರಮೈ ಮಾತ್ರ ಒಣಗಿರುತ್ತದೆ ಎಂದು ಮೂವತ್ತು ವರ್ಷ ಕಲಿಸಿದ್ದೆ. ಹೊಲದಲ್ಲಿ ನೀರು ದಬ್ಬುವ ಪೈಪುಗಳನ್ನೇ ಕಂಡವನಿಗೆ ಇದು ಹೊಳೆಯದಿದ್ದರೆ ಸಹಜ. ನನಗೇನಾಗಿತ್ತು?

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಅವನ ಮುಖಕ್ಕೆ ಹಿಡಿಯಲು ಸಾಕ್ಷಿ ಬೇಕೆಂದು ಮೋಟರು ನಿಲ್ಲಿಸಿ, ಆ ಜೋಡಣೆಯನ್ನು ನಾನೇ ಬಿಚ್ಚಿದೆ. ಒಳಗೆ ಇರಬೇಕಾಗಿದ್ದ ದುಂಡನೆಯ ರಬ್ಬರ್ ಬಳೆಯ ಬದಲು, ಸ್ಕೂಟರಿನ ಹಳೆಯ ಟ್ಯೂಬಿನಿಂದ ಕತ್ತರಿಸಿದ ವಾಷರ್. ಅದರ ಅಂಚಿಗೆ ಬಾಲ್‌ಪೆನ್ನಿನ ಗೆರೆ.

ಆ ಗೆರೆ ನನ್ನದು. ದಸರೆಯಲ್ಲಿ ನಾನೇ ಪೈಪು ತೊಳೆಯುವಾಗ ಆ ರಬ್ಬರ್ ಬಳೆ ಬಚ್ಚಲಿನ ತೂತಿಗೆ ಜಾರಿತ್ತು. ಅಪ್ಪ ಹೊಲದ ಪಂಪಿಗೆ ಟ್ಯೂಬು ಕತ್ತರಿಸಿ ವಾಷರ್ ಮಾಡುತ್ತಿದ್ದದ್ದು ನೆನಪಾಗಿ, ಔಷಧಿ ಬಾಟಲಿಯ ಮುಚ್ಚಳವಿಟ್ಟು ಗೆರೆ ಎಳೆದು ಕತ್ತರಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು, ಮರೆತಿದ್ದೆ.

ಹಾಗೆಯೇ ಎದುರುಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅಷ್ಟರಲ್ಲಿ ಕೆಲಸವನ್ನು ರಾಣೆಬೆನ್ನೂರಿನವನೊಬ್ಬನಿಗೆ ಒಪ್ಪಿಸಿಯಾಗಿತ್ತು. ಫಕ್ಕೀರಪ್ಪನನ್ನು ಕರೆಸಿ ವಾಷರನ್ನು ಅವನ ಕೈಗಿಟ್ಟೆ, ಗಂಗಮ್ಮನಿಗೆ ಹೇಳಿದ್ದನ್ನೂ ಬಾಯಿಬಿಟ್ಟು ಹೇಳಿದೆ. ಅವನು ಅದನ್ನು ತಿರುವಿ ತಿರುವಿ ನೋಡಿದ.

"ಚಲೋ ಕತ್ತರಿಸೀರಿ ಅಕ್ಕೋರ. ಹೊಲದಾಗ ಆಗಿದ್ರ ನಡೀತಿತ್ತು."

ಸರಿಯಾದ ಬಳೆ ಕೂರಿಸಿದ. ಯಾವಾಗಲೂ ಕೇಳಿ ಚಹಾ ಕುಡಿಯುತ್ತಿದ್ದವನು ಅವತ್ತು ಮಾಡಿಟ್ಟ ಚಹಾ ಮುಟ್ಟದೆ ಹೋದ.

ಈಗ ತೊಟ್ಟಿ ತಿಳಿಯಾಗಿದೆ, ಮೀನುಗಳು ನಡುವಿಗೆ ಬಂದಿವೆ. ಬಂದವರು ಗುಳ್ಳೆಯಿದ್ದಾಗಲೇ ಚೆಂದವಿತ್ತು ಎನ್ನುತ್ತಾರೆ, ನನಗೆ ಸಿಟ್ಟು ಬರುವುದಿಲ್ಲ. ಎದುರುಮನೆಯ ಮಹಡಿಯಲ್ಲಿ ರಾಣೆಬೆನ್ನೂರಿನವನು ಪೈಪು ಕೊಯ್ಯುವ ಸದ್ದು ಕೇಳಿದಾಗ ಬರುತ್ತದೆ. ಅವನ ಮೇಲಲ್ಲ.